ಮೂವತ್ತೆಂಟನೆಯ ಕನಸು

ಟೊರಾಂಟೊ, 2018

ಆಗಸ್ಟ್ 3, ಶುಕ್ರವಾರ

ರಾತ್ರಿ ಪಾಳಿ ಮುಗಿಸಿ ಸಬ್‌ವೇ ಹತ್ತಿದಾಗ ಬೆಳಗಿನ ಏಳೂಕಾಲು. ಸುತ್ತ ಕೂತವರೆಲ್ಲ ಈಗಷ್ಟೇ ಮುಖ ತೊಳೆದು ಕೆಲಸಕ್ಕೆ ಹೊರಟವರು, ಮಲಗಲು ಹೊರಟವಳು ನಾನೊಬ್ಬಳೇ. ಇಯರ್‌ಫೋನ್ ಸಿಕ್ಕಿಸಿಕೊಂಡೆ. ಶುಕ್ರವಾರ ಬಂತೆಂದರೆ ಹೊಸ ಕಂತು ಬರುತ್ತದೆ.

‘ಕೆನ್ ಅಂಡ್ ರಾಬಿನ್ ಟಾಕ್ ಅಬೌಟ್ ಸ್ಟಫ್’ ಪಾಡ್‌ಕಾಸ್ಟ್ ಶುರುವಾಗಿ ಈ ತಿಂಗಳಿಗೆ ಆರು ವರ್ಷ. ಕೆನ್ನೆತ್ ಹೈಟ್ ಷಿಕಾಗೋದಲ್ಲಿ, ರಾಬಿನ್ ಲಾಸ್ ಇಲ್ಲೇ ಟೊರಾಂಟೊದಲ್ಲಿ. ಇಬ್ಬರೂ ಪಾತ್ರ ಕಟ್ಟಿ ಆಡುವ ಮೇಜಿನಾಟಗಳನ್ನು ಬರೆಯುವವರು. ಒಂದು ಕಂತಿಗೆ ನಾಲ್ಕು ಭಾಗ, ಹಲವು ಭಾಗಗಳಿಗೆ ಅವರು ಗುಡಿಸಲು ಎಂದೇ ಹೆಸರಿಟ್ಟಿದ್ದಾರೆ. ಆಟದ ಗುಡಿಸಲು, ಸಿನಿಮಾ ಗುಡಿಸಲು, ಇತಿಹಾಸದ ಗುಡಿಸಲು, ಊಟದ್ದೂ ಒಂದು. ಒಂದರಿಂದ ಹೊರಬಿದ್ದು ಇನ್ನೊಂದಕ್ಕೆ ಬಗ್ಗಿ ನುಗ್ಗಿದಂತೆ ಮಾತು ಸಾಗುತ್ತದೆ.

ನನಗೆ ಇಷ್ಟವಾದದ್ದು ಕೆನ್ ಅವರ ಕಾಲಯಂತ್ರ. ಇತಿಹಾಸದ ಯಾವುದೋ ಘಟನೆಯನ್ನು ಅವರು ಹೋಗಿ ತಿದ್ದಿ ಬಂದರಂತೆ. ಏಕೆ ತಿದ್ದಿದಿರಿ, ಹೇಗೆ ತಿದ್ದಿದಿರಿ ಎಂದು ರಾಬಿನ್ ಕೇಳುತ್ತಾ ಹೋಗುತ್ತಾರೆ. ಹೀಗೆ ಸುಳ್ಳು ಹೇಳಬೇಕಾದರೆ ನಿಜ ಏನು ನಡೆಯಿತೆಂಬುದು ಬೆರಳ ತುದಿಯಲ್ಲಿರಬೇಕು. ಆದರೆ ಕೆನ್ ಅವರ ಓದಿಗಿಂತ ಹೆಚ್ಚಾಗಿ ನನ್ನನ್ನು ಹಿಡಿದಿಟ್ಟದ್ದು ರಾಬಿನ್ ಅವರ ಪ್ರಶ್ನೆ. ಸರಿಯಾದ ಜಾಗದಲ್ಲಿ ಒಂದು ‘ಆಮೇಲೆ?’ ಬಿದ್ದರೆ ಹೇಳುವವನಿಗೆ ತನ್ನಲ್ಲಿದೆ ಎಂದೇ ಗೊತ್ತಿರದ ಮಾತು ಹೊರಗೆ ಬರುತ್ತದೆ.

ನಾನು ಓದುವುದೆಲ್ಲ ಒಬ್ಬಳೇ. ಓದಿದ ವಿಚಿತ್ರಗಳನ್ನು ಯಾರಿಗೆ ಹೇಳಲಿ?

ಆಗಸ್ಟ್ 5, ಭಾನುವಾರ

ಬೆಳಿಗ್ಗೆ ಒಂಬತ್ತಕ್ಕೆ ಅಪ್ಪನಿಗೆ ಫೋನು. ಪುತ್ತೂರಿನಲ್ಲಿ ಆಗ ಸಂಜೆ ಆರೂವರೆ. ಅಪ್ಪನ ದನಿಗಿಂತ ಮೊದಲು ಹೆಂಚಿನ ಮೇಲಿನ ಮಳೆ ಕೇಳಿಸಿತು. ಮಳೆಗಾಲವೆಂದರೆ ಅಪ್ಪನ ಕಾಲ. ಪತ್ತನಾಜೆಗೆ ಯಕ್ಷಗಾನ ಮೇಳಗಳು ತಿರುಗಾಟ ನಿಲ್ಲಿಸಿದ ಮೇಲೆ ತಾಳಮದ್ದಳೆ ಕೂಟಗಳು ಏಳುತ್ತವೆ. 76ರ ವಯಸ್ಸಿನಲ್ಲೂ ಅರ್ಥ, ಅಂದರೆ ಪಾತ್ರದ ಮಾತು, ಹೇಳಲು ಕರೆದಲ್ಲಿಗೆ ಕೊಡೆ ಹಿಡಿದು ಹೊರಡುತ್ತಾರೆ.

‘ನೀನು ಯಾವಾಗ ನೋಡಿದರೂ ಕಿವಿಗೆ ಸಿಕ್ಕಿಸಿಕೊಂಡು ಕೇಳುದು ಎಂತದ್ದು?’ ಅಂದರು.

‘ಇಬ್ಬರು ಕೂತು ಮಾತಾಡ್ತಾರೆ ಅಪ್ಪ. ಒಂದು ಗಂಟೆ.’

‘ಪ್ರಸಂಗ ಯಾವುದು?’

‘ವಾರಕ್ಕೆ ನಾಲ್ಕು ಪ್ರಸಂಗ.’

‘ಗೆಲ್ಲುದು ಯಾರು?’

‘ಯಾರೂ ಗೆಲ್ಲುದಿಲ್ಲ.’

ಸ್ವಲ್ಪ ಹೊತ್ತು ಮಳೆಯ ಸದ್ದು ಮಾತ್ರ. ‘ಹಾಗಾದ್ರೆ ಒಳ್ಳೇದುಂಟು. ಗೆಲ್ಲಲಿಕ್ಕೇ ಕೂತವನ ಅರ್ಥ ಅರ್ಧ ದಾರಿಯಲ್ಲೇ ಹಳಸ್ತದೆ.’

ಆಮೇಲೆ ನಮ್ಮ ಶನಿವಾರದ ಆಟವನ್ನು ವಿವರಿಸಿದೆ. ಮೇಜಿನ ಸುತ್ತ ಐದು ಜನ. ಒಬ್ಬಳು ಲೋಕವನ್ನು ಹೇಳುವವಳು, ಉಳಿದವರು ಒಬ್ಬೊಬ್ಬ ಪಾತ್ರ. ವೇಷವಿಲ್ಲ, ಎದ್ದು ಕುಣಿಯುವುದಿಲ್ಲ, ಕೂತಲ್ಲೇ ಮಾತು. ಬರೆದಿಟ್ಟ ಸಂಭಾಷಣೆ ಇಲ್ಲ. ಮಾಡಹೊರಟದ್ದು ಆಯಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಅಪ್ಪ ನಡುವೆಯೇ ತಡೆದು, ‘ಅದು ತಾಳಮದ್ದಳೆ ಅಲ್ವಾ ಮಾರಾಯ್ತಿ! ನೀನು ಅಲ್ಲಿ ಭಾಗವತ್ಕೆ ಮಾಡುದು’ ಅಂದರು. ಹತ್ತು ವರ್ಷ ನಾನು ಈ ಆಟ ಆಡಿದ್ದೇನೆ, ಹದಿನೆಂಟು ವರ್ಷ ಕೂಟದ ಚಾಪೆಯ ಅಂಚಿನಲ್ಲಿ ನಿದ್ದೆ ಹೋಗಿದ್ದೇನೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ.

ನಮ್ಮ ಮೇಜಿನಾಟದ ಹುಟ್ಟಿನ ಕತೆಯನ್ನೂ ಹೇಳಿದೆ. 1969ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಡೇವಿಡ್ ವೆಸ್ಲಿ ಎಂಬಾತ ಗೆಳೆಯರಿಗಾಗಿ ಒಂದು ಯುದ್ಧದಾಟ ಹೂಡಿದ. ಬ್ರೌನ್‌ಸ್ಟೈನ್ ಎಂಬ ಕಲ್ಪಿತ ಪ್ರಷ್ಯನ್ ಊರು. ಸೇನೆಗಳ ಬದಲು ಒಬ್ಬೊಬ್ಬನಿಗೆ ಆ ಊರಿನ ಒಬ್ಬೊಬ್ಬ ಮನುಷ್ಯನನ್ನು ಕೊಟ್ಟ. ಯುದ್ಧ ಶುರುವಾಗುವ ಮೊದಲೇ ಎಲ್ಲರೂ ತಮ್ಮತಮ್ಮಲ್ಲಿ ಮಾತು, ಸಂಚು, ಜಗಳಕ್ಕೆ ಇಳಿದರು. ಆಟ ಕೆಟ್ಟಿತೆಂದು ವೆಸ್ಲಿ ಬೇಸರಪಟ್ಟುಕೊಂಡ. ಆಡಿದವರು ಮಾತ್ರ ಇನ್ನೊಮ್ಮೆ ಬೇಕೆಂದು ಹಿಂದೆ ಬಿದ್ದರು. ಆ ಬಳಗದಲ್ಲಿದ್ದ ಡೇವ್ ಆರ್ನೆಸನ್, ವಿಸ್ಕಾನ್ಸಿನ್‌ನ ಗ್ಯಾರಿ ಗೈಗಾಕ್ಸ್ ಸೇರಿ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ತಂದರು. ಮೊದಲ ಮುದ್ರಣ ಒಂದು ಸಾವಿರ ಪ್ರತಿ.

‘ಮತ್ತೆ ದಾಳ ಎಂತಕ್ಕೆ?’ ಅಂದರು ಅಪ್ಪ. ಅಲ್ಲಿ ನಮ್ಮಿಬ್ಬರ ದಾರಿ ಬೇರೆಯಾಯಿತು. ವಾಲಿವಧೆಯಲ್ಲಿ ವಾಲಿ ಸಾಯಲೇಬೇಕು. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರೇ ವಾಲಿಯಾಗಿ ಕೂತು ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ಪ್ರಶ್ನೆಗಳಿಂದ ಕಟ್ಟಿಹಾಕಿದರೂ ಕೊನೆಗೆ ಸಾಯುವವನು ವಾಲಿಯೇ. ಕೊನೆ ನಿಂತಿದೆ, ಮಾತು ಬಿಟ್ಟಿದೆ. ನಮ್ಮ ಮೇಜಿನಲ್ಲಿ ಕೊನೆಯೂ ಬಿಟ್ಟಿದೆ. ವಾಲಿ ಬದುಕಿಬಿಡಬಹುದು. ಅಪ್ಪನಿಗೆ ಅದು ಹಿಡಿಸಲಿಲ್ಲ. ‘ಬದುಕ್ತಾನೆ ಅಂತ ಗೊತ್ತಿದ್ದರೆ ಅವ ಹಾಗೆ ಮಾತಾಡ್ತಾನಾ?’ ಎಂದು ಕೇಳಿದರು. ಇಡೀ ದಿನ ಆ ಪ್ರಶ್ನೆ ಜೊತೆಗಿತ್ತು.

ಆಗಸ್ಟ್ 11, ಶನಿವಾರ

ರಾಬಿನ್ ಲಾಸ್ ಕಟ್ಟಿದ ‘ಗಮ್‌ಶೂ’ ಪದ್ಧತಿಯಲ್ಲಿ ಮುಂದಿನ ಆಟ ಆಡುವುದೆಂದು ಇವತ್ತು ತೀರ್ಮಾನವಾಯಿತು.

ಹಳೆಯ ಪತ್ತೇದಾರಿ ಆಟಗಳಲ್ಲಿ ಒಂದು ತೊಡಕಿತ್ತು. ಕೋಣೆಯಲ್ಲಿ ಸುಳಿವು ಇದೆ, ಅದು ಸಿಗಬೇಕಾದರೆ ದಾಳ ಬೀಳಬೇಕು. ಬೀಳದಿದ್ದರೆ ಕತೆ ಅಲ್ಲೇ ನಿಂತಿತು. ಹೋದ ವರ್ಷ ನಾನೇ ಮೂರು ವಾರ ಕೂತು ಹೆಣೆದ ಕತೆ ಒಂದು ಮೇಜಿನ ಖಾನೆಯ ಮುಂದೆ ಸತ್ತುಹೋಯಿತು. ಖಾನೆಯಲ್ಲಿ ಕಾಗದವಿತ್ತು. ನಾಲ್ವರೂ ದಾಳ ಹಾಕಿದರು, ನಾಲ್ವರಿಗೂ ಕಡಿಮೆ ಬಿತ್ತು. ಗಮ್‌ಶೂನಲ್ಲಿ ಹಾಗಿಲ್ಲ. ತಕ್ಕ ವಿದ್ಯೆ ಇರುವ ಪಾತ್ರ ಆ ಜಾಗಕ್ಕೆ ಹೋಗಿ ಹುಡುಕಿದರೆ ಸುಳಿವು ಸಿಕ್ಕೇ ಸಿಗುತ್ತದೆ. ಓಡುವುದು, ಹೊಡೆಯುವುದು, ಅಡಗುವುದು, ಇವಕ್ಕೆ ಮಾತ್ರ ಆರು ಮುಖದ ಒಂದು ದಾಳ. ತಿಳಿದದ್ದನ್ನು ಇಟ್ಟುಕೊಂಡು ಏನು ಮಾಡುತ್ತೀಯ ಎಂಬುದೇ ಆಟ.

ಇಷ್ಟು ಸಣ್ಣ ನಿಯಮ. ಬದುಕಿನಲ್ಲೂ ನನಗೆ ಸಾಮಾನ್ಯವಾಗಿ ಸುಳಿವು ಸಿಕ್ಕಿಯೇ ಇರುತ್ತದೆ, ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ನಿಂತಿರುತ್ತೇನೆ.

ಆಗಸ್ಟ್ 17, ಶುಕ್ರವಾರ

ಕೊಡಗಿನಲ್ಲಿ ಗುಡ್ಡಗಳು ಕುಸಿಯುತ್ತಿವೆ. ಮಡಿಕೇರಿಯ ಗೆಳತಿಯ ಫೋನು ಹತ್ತುತ್ತಿಲ್ಲ. ಹೊಸ ಕಂತು ಬಂದಿದೆ, ಕೇಳಲಿಲ್ಲ.

ಆಗಸ್ಟ್ 22, ಬುಧವಾರ

ಗೆಳತಿ ಸಿಕ್ಕಿದಳು. ಮಾವನ ಮನೆಯಲ್ಲಿ ಕ್ಷೇಮವಾಗಿದ್ದಾಳೆ. ತೋಟದ ಒಂದು ಭಾಗ ಹೋಯಿತಂತೆ. ಒಂದು ಗಂಟೆ ಅವಳು ಮಾತಾಡಿದಳು, ನಾನು ‘ಆಮೇಲೆ?’ ಅಂದೆ.

ರಜೆ ಇತ್ತು. ಕೆನ್ ಹೈಟ್ ಮತ್ತು ಗ್ಯಾರೆತ್ ರೈಡರ್ ಹ್ಯಾನ್ರಹನ್ ಬರೆದ ‘ಡ್ರಾಕುಲಾ ಡೋಸಿಯರ್’ ಎಂಬ ಆಟದ ಪುಸ್ತಕ ಮತ್ತೆ ತೆರೆದೆ. ಅದರ ಕಲ್ಪನೆ ಇಷ್ಟು: ಬ್ರ್ಯಾಮ್ ಸ್ಟೋಕರ್ 1897ರಲ್ಲಿ ಪ್ರಕಟಿಸಿದ ‘ಡ್ರಾಕುಲಾ’ ಕಾದಂಬರಿಯೇ ಅಲ್ಲ. ಬ್ರಿಟಿಷ್ ನೌಕಾಪಡೆಯ ಬೇಹುಗಾರರು ಒಬ್ಬ ರಕ್ತಪಿಶಾಚಿಯನ್ನು ತಮ್ಮ ಕೆಲಸಕ್ಕೆ ಸೇರಿಸಿಕೊಳ್ಳಲು ಹೋಗಿ ಸೋತ ಕಾರ್ಯಾಚರಣೆಯ ವರದಿ ಅದು, ಮುಖ್ಯ ಸಾಲುಗಳನ್ನು ಹೊಡೆದುಹಾಕಿ ಕತೆಯೆಂದು ಅಚ್ಚು ಹಾಕಿಸಿದರು. ಆಟಗಾರರ ಕೈಗೆ ಹೊಡೆಯದ ಪ್ರತಿ ಸಿಗುತ್ತದೆ, ಅಂಚಿನಲ್ಲಿ ಮೂರು ತಲೆಮಾರಿನ ಬೇಹುಗಾರರು ಗೀಚಿದ ಟಿಪ್ಪಣಿಗಳೊಡನೆ. ಇದು ನಿಲ್ಲುವುದು ಅದರ ಕೆಳಗಿರುವ ನಿಜದಿಂದ. ಸ್ಟೋಕರ್ 1890ರ ಬೇಸಿಗೆಯಲ್ಲಿ ವಿಟ್ಬಿ ಎಂಬ ಕಡಲೂರಿಗೆ ಹೋದದ್ದು ನಿಜ. ಅಲ್ಲಿನ ಗ್ರಂಥಾಲಯದ ಒಂದು ಪುಸ್ತಕದಲ್ಲಿ ಡ್ರಾಕುಲಾ ಎಂಬ ಹೆಸರು ಕಣ್ಣಿಗೆ ಬಿದ್ದದ್ದು ನಿಜ. ಅಲ್ಲಿಯವರೆಗೆ ಆ ಪಾತ್ರಕ್ಕೆ ವ್ಯಾಂಪಿರ್ ಎಂದೇ ಹೆಸರಿಟ್ಟಿದ್ದ. ಅವನ ಟಿಪ್ಪಣಿ ಹಾಳೆಗಳು ಫಿಲಡೆಲ್ಫಿಯಾದಲ್ಲಿವೆ.

ಓದುತ್ತಿದ್ದಂತೆ ನಮ್ಮ ಕಡೆಯ ಒಂದು ಪುಸ್ತಕ ನೆನಪಾಗಿ ಎದ್ದು ಕೂತೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಇಂಗ್ಲಿಷರ ಕೈಗೆ ಬಿತ್ತು. ಆಮೇಲೆ ಅರಮನೆ ಜಾಲಾಡುವಾಗ ಕರ್ನಲ್ ವಿಲಿಯಂ ಕರ್ಕ್‌ಪ್ಯಾಟ್ರಿಕ್ ಕೈಗೆ ಒಂದು ಸಣ್ಣ ಹಸ್ತಪ್ರತಿ ಸಿಕ್ಕಿತು. ಟಿಪ್ಪು ತನ್ನ ಕೈಯಾರೆ ಪರ್ಷಿಯನ್‌ನಲ್ಲಿ ಬರೆದಿಟ್ಟ ಕನಸುಗಳು, ಒಟ್ಟು 37. ಸಿಕ್ಕಾಗ ಪಕ್ಕದಲ್ಲಿದ್ದವನು ಮುನ್ಷಿ ಹಬೀಬುಲ್ಲಾ. ಇಂಥದೊಂದು ಪುಸ್ತಕ ಇದೆಯೆಂದು ಅವನಿಗೆ ಗೊತ್ತಿತ್ತು, ಒಳಗೇನಿದೆಯೆಂದು ಗೊತ್ತಿರಲಿಲ್ಲ. ಸುಲ್ತಾನ ಅದನ್ನು ಓದುವಾಗ, ಬರೆಯುವಾಗ ಯಾರಾದರೂ ಹತ್ತಿರ ಬಂದರೆ ಮರೆಮಾಡುತ್ತಿದ್ದನಂತೆ. ಒಂದು ಕನಸಿನಲ್ಲಿ ಚೀನಾದ ಚಕ್ರವರ್ತಿ ಬಿಳಿ ಆನೆ ಕಳಿಸುತ್ತಾನೆ. ಇನ್ನೊಂದರಲ್ಲಿ ಗಂಡುಡುಗೆಯ ಯುವಕನೊಬ್ಬ ಹೆಣ್ಣೆಂದು ತಿಳಿಯುತ್ತದೆ, ಸುಲ್ತಾನ ಅದನ್ನು ಮರಾಠರ ಮೇಲಿನ ಯುದ್ಧಕ್ಕೆ ಹೊಂದಿಸಿ ಅರ್ಥಮಾಡಿಕೊಳ್ಳುತ್ತಾನೆ. ಹಸ್ತಪ್ರತಿ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಗಿರೀಶ ಕಾರ್ನಾಡರು ಇದರ ಮೇಲೆ ನಾಟಕ ಬರೆದದ್ದು ಮೊದಲು ಬಿಬಿಸಿ ರೇಡಿಯೋಗೆ. ಅಂದರೆ ಈ ಕನಸುಗಳು ರಂಗದ ಮೇಲೆ ಬರುವ ಮೊದಲು ಬರೀ ದನಿಯಾಗಿ ಕಿವಿಗೆ ಬಂದವು.

ಇನ್ನೂ ಒಂದು. ವಿಲ್ಕಿ ಕಾಲಿನ್ಸ್ 1868ರಲ್ಲಿ ತಂದ ‘ದಿ ಮೂನ್‌ಸ್ಟೋನ್’ ಇಂಗ್ಲಿಷಿನ ಆರಂಭದ ಪತ್ತೇದಾರಿ ಕಾದಂಬರಿಗಳಲ್ಲೊಂದು. ಅದು ತೆರೆಯುವುದೇ ಶ್ರೀರಂಗಪಟ್ಟಣದ ಲೂಟಿಯಲ್ಲಿ. ಪತ್ತೇದಾರಿ ಆಟ ಹೂಡಲು ಇದಕ್ಕಿಂತ ಸರಿಯಾದ ಊರು ಬೇರೆಲ್ಲಿ ಹುಡುಕಲಿ?

ಕತೆಗೆ ಹೆಸರಿಟ್ಟೆ: ಮೂವತ್ತೆಂಟನೆಯ ಕನಸು. ಹಸ್ತಪ್ರತಿಯಿಂದ ಯಾರೋ ಒಂದು ಹಾಳೆ ಕಿತ್ತಿದ್ದಾರೆ. ಕೋಟೆ ಬಿದ್ದ ಮೂರನೆಯ ರಾತ್ರಿ. ನಾಲ್ಕು ಜನ ಅದನ್ನು ಹುಡುಕುತ್ತಿದ್ದಾರೆ.

ಆಗಸ್ಟ್ 26, ಭಾನುವಾರ

ಎರಡು ದಿನದಿಂದ ಹಿಂಜರಿಕೆ.

ಹೋದ ತಿಂಗಳು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸಾಪ್ ಸುದ್ದಿ ನಂಬಿ ಜನ ಒಬ್ಬ ಯುವಕನನ್ನು ಹೊಡೆದು ಕೊಂದರು. ಮಕ್ಕಳಿಗೆ ಚಾಕಲೇಟು ಕೊಟ್ಟದ್ದೇ ತಪ್ಪಾಯಿತು. ಅಂಥ ಕಾಲದಲ್ಲಿ ನಾನು ಕೂತು ಇಲ್ಲದ ಹಾಳೆಯೊಂದನ್ನು ಇತಿಹಾಸಕ್ಕೆ ಅಂಟಿಸುತ್ತಿದ್ದೇನೆ. ಅದೂ ಟಿಪ್ಪುವಿನ ಹೆಸರಲ್ಲಿ. ಮೈಸೂರಿನ ಕಡೆ ಅವನಿಗೆ ಲಾವಣಿಗಳಿವೆ. ಕೊಡಗಿನಲ್ಲಿ, ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಅದೇ ಹೆಸರಿಗೆ ಸೆರೆಯ ನೆನಪಿದೆ.

ಅಪ್ಪನಿಗೆ ಹೇಳಿದೆ. ‘ಎರಡೂ ಕಡೆಯವರನ್ನು ಕೂರಿಸು’ ಅಂದರು. ‘ಎದುರು ಅರ್ಥಧಾರಿ ಇಲ್ಲದೆ ಹೇಳಿದರೆ ಅದು ಅರ್ಥ ಅಲ್ಲ, ಬರೀ ಹೇಳಿಕೆ. ಎಲ್ಲಿ ಉಂಟು ಅದು ಅಂತ ಕೇಳುವವ ಒಬ್ಬ ಬೇಕು.’

ಆ ಪಾಡ್‌ಕಾಸ್ಟನ್ನು ನಾನು ಇಷ್ಟು ವರ್ಷ ಬಿಡದೆ ಕೇಳಿದ್ದರ ಗುಟ್ಟು ಇದೇ ಇರಬೇಕು. ಅಲ್ಲಿ ಹಾರುವ ತಟ್ಟೆ ಬರುತ್ತದೆ, ರಸವಾದಿಗಳು ಬರುತ್ತಾರೆ, ರಹಸ್ಯ ಸಂಘಗಳು ಬರುತ್ತವೆ. ಇದು ಯಾರು ಹೇಳಿದ್ದು, ಯಾವಾಗ ಹೇಳಿದ್ದು, ಅವನಿಗೆ ಅದರಿಂದ ಏನು ಲಾಭ ಎಂಬ ಪ್ರಶ್ನೆಯೂ ಜೊತೆಗೇ ಬರುತ್ತದೆ. ಮುರ್ಕಿಗೆ ಹೋದ ಸುದ್ದಿಯ ಎದುರು ಯಾರೂ ಕೂತಿರಲಿಲ್ಲ. ಅದು ಒಬ್ಬೊಬ್ಬರ ಅಂಗೈಗೆ ಒಂಟಿಯಾಗಿ ಹೋಯಿತು.

ಸುಳಿವಿನ ಕಾರ್ಡುಗಳನ್ನೆಲ್ಲ ಹರಿದು ಮತ್ತೆ ಬರೆದೆ. ನಡೆದದ್ದು ನೀಲಿ ಶಾಯಿಯಲ್ಲಿ, ನಾನು ಕಟ್ಟಿದ್ದು ಕೆಂಪಿನಲ್ಲಿ. ಮೇಜಿನಲ್ಲಿ ಎಲ್ಲರಿಗೂ ಎರಡು ಬಣ್ಣ ಕಾಣುತ್ತದೆ. ಕಳೆದ ಹಾಳೆಯ ಕಾರ್ಡಿನಲ್ಲಿ ಏನೂ ಬರೆಯಲಿಲ್ಲ. ಟಿಪ್ಪುವಿನ ಕನಸನ್ನು ನಾನು ಕಾಣಲಾರೆ.

ಸೆಪ್ಟೆಂಬರ್ 13, ಗುರುವಾರ

ಚೌತಿ. ಕಡುಬಿಗೆ ಬಾಳೆಲೆ ಸಿಗಲು ಮೂರು ಅಂಗಡಿ ಅಲೆದೆ.

ಸೆಪ್ಟೆಂಬರ್ 16, ಭಾನುವಾರ

ಟೊರಾಂಟೊ ಚಿತ್ರೋತ್ಸವ ಮುಗಿಯಿತು. ಪ್ರತಿ ಸೆಪ್ಟೆಂಬರಿನಲ್ಲಿ ರಾಬಿನ್ ಇಲ್ಲಿ ದಿನಕ್ಕೆ ಹಲವು ಸಿನಿಮಾ ನೋಡಿ ಪುಟ್ಟಪುಟ್ಟ ವಿಮರ್ಶೆ ಬರೆಯುತ್ತಾರೆ, ಆ ಪಟ್ಟಿ ಹಿಡಿದು ನಾನು ವರ್ಷವಿಡೀ ನೋಡುತ್ತೇನೆ. ಈ ಸಲ ನಾನೂ ಒಂದು ನಡುರಾತ್ರಿಯ ಪ್ರದರ್ಶನಕ್ಕೆ ಹೋದೆ, ರೈಯರ್ಸನ್ ಥಿಯೇಟರಿಗೆ, ನಮ್ಮ ಮೇಜಿನ ಬೆಂಗಳೂರು ಹುಡುಗನ ಜೊತೆ. ವಾಸನ್ ಬಾಲಾ ನಿರ್ದೇಶಿಸಿದ ‘ಮರ್ದ್ ಕೋ ದರ್ದ್ ನಹೀ ಹೋತಾ’. ಹುಟ್ಟಿನಿಂದ ನೋವೇ ತಿಳಿಯದ ಹುಡುಗ, ಹಳೆಯ ವಿಎಚ್‌ಎಸ್ ಕ್ಯಾಸೆಟ್ಟುಗಳ ಹೊಡೆದಾಟ ನೋಡಿ ಬೆಳೆಯುತ್ತಾನೆ. ಬೆಂಗಳೂರಿನ ಕೊಡವ ನಟ ಗುಲ್ಶನ್ ದೇವಯ್ಯ ಇಬ್ಬರು ಅಣ್ಣತಮ್ಮಂದಿರಾಗಿ ಕಾಣಿಸಿಕೊಳ್ಳುತ್ತಾರೆ. ಒಬ್ಬ ಒಂಟಿ ಕಾಲಿನ ಕರಾಟೆ ಪಟು, ಇನ್ನೊಬ್ಬ ಕೇಡಿಗ. ಒಂದೇ ಮುಖದಿಂದ ಸೌಮ್ಯವೂ ಹುಚ್ಚೂ ಬಂದದ್ದು ನೋಡಿ ಜನ ಎದ್ದು ನಿಂತು ಕೂಗಿದರು. ಇವತ್ತು ನಡುರಾತ್ರಿ ವಿಭಾಗದ ಪ್ರೇಕ್ಷಕರ ಪ್ರಶಸ್ತಿ ಇದಕ್ಕೇ ಬಂತು, ‘ಹ್ಯಾಲೋವೀನ್’ ಎರಡನೆಯದಾಯಿತು.

ರಾಬಿನ್ 1996ರಲ್ಲಿ ಹಾಂಗ್‌ಕಾಂಗ್ ಹೊಡೆದಾಟದ ಚಿತ್ರಗಳ ಮೇಲೆ ‘ಫೆಂಗ್ ಶೂಯಿ’ ಎಂಬ ಆಟ ಬರೆದರು. ಹೆಸರಿಲ್ಲದ ಎದುರಾಳಿ ಒಂದೇ ಪೆಟ್ಟಿಗೆ ಬೀಳುತ್ತಾನೆ, ಹೆಸರಿದ್ದವನಿಗೆ ಮಾತ್ರ ಲೆಕ್ಕ. ಸಿನಿಮಾ ನೋಡುವಾಗ ಆ ನಿಯಮ ಕಣ್ಣೆದುರು ನಡೆಯುತ್ತಿತ್ತು. ನಮ್ಮ ‘ಜೇಡರ ಬಲೆ’ಯಲ್ಲೂ (1968) ಹಾಗೇ ಅಲ್ಲವೇ ಎಂದ ಹುಡುಗ. ಸಿಐಡಿ 999 ಆಗಿ ರಾಜ್‌ಕುಮಾರ್ ಕೋಣೆಗೆ ಬಂದರೆ ಹೆಸರಿಲ್ಲದವರು ಸಾಲಾಗಿ ಉರುಳುತ್ತಾರೆ. ಬೆಳಗಿನ ಎರಡೂವರೆಗೆ ರಾತ್ರಿ ಬಸ್ಸಿಗೆ ಕಾಯುತ್ತಾ ಅದರ ನಿರ್ದೇಶಕರಾದ ದೊರೈ–ಭಗವಾನ್ ಜೋಡಿಯ ಬಗ್ಗೆ ಮಾತಾಡಿದೆವು. ಬಸ್ಸು ಬಂದದ್ದೇ ಬೇಸರವಾಯಿತು.

ಸೆಪ್ಟೆಂಬರ್ 23, ಭಾನುವಾರ

ನಿನ್ನೆ ರಾತ್ರಿ ಆಡಿದೆವು. ಸಂಜೆ ಆರರಿಂದ ಹನ್ನೊಂದೂವರೆಯವರೆಗೆ.

ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ನಿವೃತ್ತ ಗ್ರಂಥಪಾಲಕಿ ಹಕೀಮನ ಪಾತ್ರ ಹಿಡಿದರು. ಫಿಲಿಪೀನ್ಸಿನ ನರ್ಸ್ ಅರಮನೆಯ ಬಟ್ಟೆ ಮಡಚುವವಳು. ಯಾಳ್ಪಾಣದಿಂದ ಬಂದ ತಮಿಳು ಹುಡುಗ, ಸೋತು ಸಿಕ್ಕಿಬಿದ್ದ ಫ್ರೆಂಚ್ ಗೋಲಂದಾಜ. ಬೆಂಗಳೂರು ಹುಡುಗ ಪಟ್ಟಣದಲ್ಲಿ ಸೆರೆಯಿದ್ದು ಆ ವಾರ ಹೊರಬಂದ ಕೊಡವ. ಆ ಪಾತ್ರ ಅವನೇ ಕೇಳಿ ಪಡೆದದ್ದು.

ಸುಳಿವುಗಳು ತಡೆಯಿಲ್ಲದೆ ಸಿಕ್ಕವು, ನಿಯಮವೇ ಹಾಗೆ. ಒಂಬತ್ತು ಗಂಟೆಗೆ ಹಾಳೆ ಎಲ್ಲಿದೆಯೆಂದು ಎಲ್ಲರಿಗೂ ಗೊತ್ತಾಗಿತ್ತು: ಮಡಚಿದ ಅಂಗಿಯ ಒಳಮಡಿಕೆಯಲ್ಲಿ. ಆಮೇಲಿನ ಎರಡೂವರೆ ಗಂಟೆ, ಅದನ್ನು ಏನು ಮಾಡುವುದೆಂಬ ಮಾತು. ಕೊಡವ, ಅದನ್ನು ಓದಬೇಕು ಎಂದ. ನನ್ನ ಮನೆಯವರು ಸುಲ್ತಾನನ ನಿದ್ದೆಯಲ್ಲಿ ಒಂದು ಸಲವಾದರೂ ಬಂದಿದ್ದಾರಾ ನೋಡಬೇಕು ಎಂದ. ಮೇಜು ನಿಶ್ಶಬ್ದವಾಯಿತು. ಬಟ್ಟೆ ಮಡಚುವವಳು, ಬಂದಿದ್ದರೆ ಕ್ಷಮಿಸುತ್ತೀಯಾ ಎಂದು ಕೇಳಿದಳು. ಇಲ್ಲ ಎಂದ. ಹಾಗಾದರೆ ಓದಿ ಏನು ಮಾಡುತ್ತೀ ಎಂದಳು. ಗೋಲಂದಾಜ ಹಾಳೆ ಕಸಿಯಲು ಹೋದ. ನಾಲ್ಕು ಬೀಳಬೇಕಿತ್ತು, ಎರಡು ಬಿತ್ತು. ಕೊನೆಗೆ ಹಕೀಮ ಅದನ್ನು ತೆರೆಯದೆ ತಂದು ಮುನ್ಷಿ ಹಬೀಬುಲ್ಲಾನ ಮುಂದಿಟ್ಟ.

ಹಬೀಬುಲ್ಲಾ ನಾನು. ಹಕೀಮ ಕೇಳಿದ: ಸುಲ್ತಾನ ಪುಸ್ತಕ ಬಚ್ಚಿಡುತ್ತಿದ್ದನೆಂದು ಇಂಗ್ಲಿಷರಿಗೆ ಏಕೆ ಹೇಳಿದೆ?

ನೀಲಿ ಶಾಯಿಯ ಕಾರ್ಡು ಅದು. ಅಷ್ಟು ಸಲ ಓದಿದ್ದರೂ ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ನಾಲ್ಕು ವಾಕ್ಯ ಹೇಳಿದೆ, ಐದನೆಯದು ಬರಲಿಲ್ಲ. ಆಟ ಅಲ್ಲಿಗೇ ನಿಲ್ಲಿಸಿದೆವು.

ಬೆಳಿಗ್ಗೆ ಅಪ್ಪನಿಗೆ ಎಲ್ಲ ಹೇಳಿದೆ. ‘ಆ ಮುನ್ಷಿಯದ್ದು ನನಗೆ ಕೊಡು’ ಅಂದರು. ‘ಒಂದು ವಾರ ಬೇಕು.’ ಆಮೇಲೆ ನಾನು ಕೇಳುವ ಆ ಇಬ್ಬರ ಹೆಸರು ಏನೆಂದು ಕೇಳಿ ಬರೆದುಕೊಂಡರು.

ಸೆಪ್ಟೆಂಬರ್ 30, ಭಾನುವಾರ

ಅಪ್ಪ ಫೋನಿನಲ್ಲಿ ಅರ್ಥ ಹೇಳಿದರು. ನಾನು ಕರ್ಕ್‌ಪ್ಯಾಟ್ರಿಕ್ ಆಗಿ ಎದುರು ಕೂತೆ. ಹೇಳಿದ್ದನ್ನು ನೆನಪಿರುವಷ್ಟು ಬರೆದಿಡುತ್ತೇನೆ:

‘ಸಾಹೇಬರೇ, ಇದು ಯಾರ ಪುಸ್ತಕ ಎಂದು ಕೇಳಿದಿರಿ. ಅವರದ್ದು ಎಂದೆ. ಅಷ್ಟಕ್ಕೆ ನಿಲ್ಲಬಹುದಿತ್ತು. ಅವರು ಇದನ್ನು ಮರೆಮಾಡುತ್ತಿದ್ದರು ಎಂಬ ಮಾತು ಯಾರೂ ಕೇಳದೆ ನನ್ನ ಬಾಯಿಂದ ಬಂತು. ಪೆಟ್ಟಿಗೆಯಲ್ಲಿ ನೂರು ಕಾಗದಗಳಿದ್ದವು. ಆ ಒಂದು ಮಾತಿನಿಂದ ನೂರರಲ್ಲಿ ಒಂದನ್ನು ನಿಮಗೆ ತೋರಿಸಿಕೊಟ್ಟವನು ನಾನು. ಹನ್ನೆರಡು ವರ್ಷ ಅವರು ಅಂಗೈ ಅಡ್ಡ ಹಿಡಿದರು. ಆ ಅಂಗೈಯನ್ನು ಸರಿಸಿದ್ದು ನಿಮ್ಮ ಫಿರಂಗಿ ಅಲ್ಲ, ನನ್ನ ನಾಲಿಗೆ. ಈಗ ನೀವು ಹೇಳಿ. ಪರರ ಕನಸು ಓದಿದಿರಲ್ಲ. ಅದನ್ನು ಏನು ಮಾಡುತ್ತೀರಿ?’

ಹನ್ನೆರಡು ವರ್ಷ ಎಂದು ಎಲ್ಲಿ ಉಂಟು ಎಂದು ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಲ್ಲಿ ಕರೆಂಟು ಹೋಯಿತು, ಫೋನೂ ಕಡಿಯಿತು. ಹತ್ತು ನಿಮಿಷ ಬಿಟ್ಟು ಅಪ್ಪನದೊಂದು ಮೆಸೇಜು: ‘ಬರುವ ಭಾನುವಾರ ನಿನ್ನ ಅರ್ಥ. ತಯಾರಿ ಮಾಡು.’

ಲೈಬ್ರರಿಯಿಂದ ಕರ್ಕ್‌ಪ್ಯಾಟ್ರಿಕ್ ಬಗ್ಗೆ ಇರುವ ಎರಡು ಪುಸ್ತಕ ಕಾಯ್ದಿರಿಸಿದ್ದೇನೆ. ಮಂಗಳವಾರ ಸಿಗುತ್ತವೆ.